ಅರ್ಹತಾಪತ್ರಕ್ಕೂ ಆಯುಷ್ಯವುಂಟು



ಮೂವತ್ತು ವರ್ಷಕ್ಕೂ ಮಿಕ್ಕು ಪಾಠ ಹೇಳಿದವನು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳಗನ್ನಡ ಕಾವ್ಯಗಳ ಮೇಲೆ ಬರೆದುಕೊಂಡ ಟಿಪ್ಪಣಿಗಳನ್ನೇ ನಿವೃತ್ತನಾಗುವ ವರ್ಷದವರೆಗೂ ತರಗತಿಗೆ ಒಯ್ದೆನೆಂದು ಹೇಳಿಕೊಳ್ಳಲು ಇಂದು ಸಂಕೋಚವಾಗುತ್ತದೆ. ಇದರಿಂದ ವಿದ್ಯಾರ್ಥಿಗಳಿಗೆ ನಷ್ಟವಾಗಿರಬೇಕು. ಆದರೆ ಯಾರ ಪ್ರಾಣವೂ ಹೋಗಲಿಲ್ಲ. ಇಂಥ ಆಲಸ್ಯಕ್ಕೆ ಪ್ರಾಣವನ್ನೇ ತೆರಬೇಕಾದ ವೃತ್ತಿಗಳೂ ಇವೆ. ಗಣಿಗಳಲ್ಲಿ ಸುರಕ್ಷತೆಯ ಹೊಣೆ ಹೊರುವುದು ಅಂಥ ಒಂದು ವೃತ್ತಿ.

ಗಣಿಯ ಮ್ಯಾನೇಜರ್, ಓವರ್‌ಮನ್, ಸಿರ್ದಾರ್ ಮೊದಲಾದ ಸ್ಥಾನಗಳಿಗೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಹತಾಪತ್ರ ಪಡೆದವರೇ ಬೇಕೆಂಬುದು ಹಳೆಯ ಕಟ್ಟಳೆ. ಸುರಂಗದೊಳಗೆ ಗಾಳಿ ಸರಿಯಾಗಿ ಆಡುತ್ತಿದೆಯೇ, ಚಾವಣಿಗೆ ಆಸರೆ ಸಾಕೇ, ಕೆಲಸಗಾರರನ್ನು ಹೊರಗೆ ಕಳುಹಿಸಬೇಕಾದ ಗಳಿಗೆ ಬಂದಿದೆಯೇ ಎಂಬುದನ್ನೆಲ್ಲ ನಿರ್ಧರಿಸುವವರು ಇವರು. ಆದರೆ ಅರ್ಹತಾಪತ್ರ ಹೇಳುವುದು ಒಂದೇ ಮಾತು: ಇಂಥ ದಿನ ಈತ ಇಷ್ಟನ್ನು ಬಲ್ಲವನಾಗಿದ್ದ ಎಂದು. ಗಣಿಯಾದರೋ ಆ ದಿನದಲ್ಲಿಯೇ ನಿಂತಿರುವುದಿಲ್ಲ. ನಿನ್ನೆ ಇದ್ದ ಬಂಡೆ ಇಂದು ಇಲ್ಲ. ಅದು ಹೊತ್ತಿದ್ದ ಭಾರ ಪಕ್ಕದ ಬಂಡೆಯ ಮೇಲೆ ಬಿದ್ದಿರುತ್ತದೆ.

ಕನ್ನಡ ನಾಡಿನವರಿಗೆ ಇದು ಅಪರಿಚಿತ ಸಂಗತಿಯಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಒತ್ತಡ ತಾಳಲಾರದೆ ಬಂಡೆಗಳು ತಾವಾಗಿಯೇ ಸಿಡಿಯುತ್ತಿದ್ದವು. ಮೇಲಿನ ಹಂತಗಳಲ್ಲಿ ಕಲಿತ ಪಾಠ ಕೆಳಗಿನ ಹಂತಗಳಲ್ಲಿ ಸಾಲುತ್ತಿರಲಿಲ್ಲ. ಬಂಡೆಗಳ ಸ್ವಭಾವವನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆಯೊಂದು 1988ರಲ್ಲಿ ಆ ಊರಿನಲ್ಲಿಯೇ ಹುಟ್ಟಿಕೊಂಡದ್ದು ಆಕಸ್ಮಿಕವಲ್ಲ. 2001ರಲ್ಲಿ ಆ ಗಣಿಗಳು ಮುಚ್ಚಿದವು. ಅವು ಕಲಿಸಿದ ಪಾಠ ಉಳಿದಿದೆ. ನಮ್ಮ ದೇಶದ ಗಣಿ ಕೆಲಸಗಾರರಿಗೆ ಐದು ವರ್ಷಕ್ಕೊಮ್ಮೆಯಾದರೂ ಪುನಶ್ಚೇತನ ತರಬೇತಿ ಆಗಬೇಕೆಂದು 1966ರ ನಿಯಮಗಳೇ ವಿಧಿಸಿದ್ದವು.

ಹಾಗಾದರೆ ಆಗಾಗ ತರಬೇತಿ ಕೊಟ್ಟರೆ ಸಾಕೇ? ಈ ಪ್ರಶ್ನೆಯನ್ನು ಕಟುವಾಗಿ ಎತ್ತಿದ ದುರಂತ ನಡೆದದ್ದು ದೂರದ ನ್ಯೂಜಿಲೆಂಡಿನಲ್ಲಿ. ಅಲ್ಲಿಯ ದಕ್ಷಿಣ ದ್ವೀಪದ ಪಶ್ಚಿಮ ತೀರದಲ್ಲಿ ಪೈಕ್ ರಿವರ್ ಎಂಬ ಕಲ್ಲಿದ್ದಲ ಗಣಿಯಿತ್ತು. 2010ರ ನವೆಂಬರ್ 19ರಂದು ಅದು ಸ್ಫೋಟಗೊಂಡಿತು. ಇಬ್ಬರು ಹೊರಬಂದರು, 29 ಮಂದಿ ಬರಲಿಲ್ಲ.

ವಿಚಾರಣೆ ನಡೆಸಿದ ರಾಯಲ್ ಕಮಿಷನ್ 2012ರಲ್ಲಿ ವರದಿ ಒಪ್ಪಿಸಿತು. ಗಾಳಿಯಲ್ಲಿ ಮೀಥೇನ್ ಅನಿಲ ನೂರಕ್ಕೆ 5ರಿಂದ 15ರಷ್ಟು ಬೆರೆತರೆ ಒಂದು ಕಿಡಿ ಸಾಕು, ಅದು ಸಿಡಿಯುತ್ತದೆ. ದುರಂತಕ್ಕೆ ಮುಂಚಿನ 48 ದಿನಗಳಲ್ಲಿ ಅನಿಲ ಸ್ಫೋಟಕ ಮಟ್ಟ ಮುಟ್ಟಿತ್ತೆಂಬ 21 ವರದಿಗಳೂ, ಅದಕ್ಕಿಂತ ಕಡಿಮೆಯಾದರೂ ಅಪಾಯಕರ ಮಟ್ಟದಲ್ಲಿತ್ತೆಂಬ 27 ವರದಿಗಳೂ ಬಂದಿದ್ದವು. ಗಾಳಿ ತಳ್ಳುವ ಮುಖ್ಯ ಪಂಖವನ್ನು ನೆಲದೊಳಗೇ ಇರಿಸಲಾಗಿತ್ತು. ಕಲ್ಲಿದ್ದಲ ಗಣಿಗಳಲ್ಲಿ ಇಂಥ ಏರ್ಪಾಡು ಜಗತ್ತಿನಲ್ಲಿಯೇ ಮೊದಲನೆಯದು. ಅದನ್ನು ಯಾವ ಹಳೆಯ ಪರೀಕ್ಷೆ ತಾನೆ ಕಲಿಸಿದ್ದೀತು?

ಸಾಹಿತ್ಯದ ಮೇಷ್ಟ್ರಾದ ನನ್ನನ್ನು ಕಲಕಿದ್ದು ಆ 48 ವರದಿಗಳು. ಅವು ಬರೆಯಲ್ಪಟ್ಟಿದ್ದವು, ಆದರೆ ಓದಲ್ಪಡಲಿಲ್ಲ. ಕಣ್ಣು ಹಾಯಿಸುವುದು ಬೇರೆ, ಓದುವುದು ಬೇರೆ. ಅಂಕಿಯ ಹಿಂದಿರುವ ಅರ್ಥವನ್ನು ಗ್ರಹಿಸಿ, ಇಂದು ಕೆಲಸ ನಿಲ್ಲಬೇಕು ಎಂದು ಹೇಳುವವರೆಗೂ ಓದು ಪೂರ್ಣವಾಗುವುದಿಲ್ಲ.

ದುರಂತದ ಅನಂತರ ಆ ದೇಶದಲ್ಲಿ ಕಾನೂನು ಬದಲಾಯಿತು. ಗಣಿಯ ಮ್ಯಾನೇಜರು, ವಾತಾಯನದ ಅಧಿಕಾರಿ ಮುಂತಾದವರ ಅರ್ಹತಾಪತ್ರ ಆಜೀವ ಹಕ್ಕಾಗಿ ಉಳಿಯದೆ, ಅವಧಿಯುಳ್ಳ ಅನುಮತಿಯಾಯಿತು. ಅದನ್ನು ನವೀಕರಿಸಬೇಕಾದರೆ ತಾನು ಏನೇನು ಕಲಿತೆ, ಎಷ್ಟು ಗಂಟೆ ಕಲಿತೆ ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟು ತೋರಿಸಬೇಕು.

ಇದರಲ್ಲಿಯೂ ಒಂದು ಅಪಾಯವಿದೆ. ವ್ರತ ಮುಗಿಸಿದಂತೆ ಗಂಟೆಗಳನ್ನು ಎಣಿಸಿ, ಸಹಿ ಹಾಕಿ, ಕೈತೊಳೆದುಕೊಳ್ಳುವುದು ನಮ್ಮ ಪುನಶ್ಚೇತನ ಶಿಬಿರಗಳಲ್ಲಿ ನಾನು ಕಂಡ, ನಾನೂ ಮಾಡಿದ ಕೆಲಸ. ಹಿಂದಿನ ಸಾಲಿನಲ್ಲಿ ಕುಳಿತು ಪತ್ರಿಕೆ ಓದಿದವನಿಗೂ ಪ್ರಮಾಣಪತ್ರ ದೊರಕಿತು. ಇನ್ನೊಂದು ಮಾತು: ಗಣಿ ಅಣಿಯಾಗುವ ಮುನ್ನವೇ ಕಲ್ಲಿದ್ದಲು ತೆಗೆಯುವ ಧಾವಂತ ಪೈಕ್ ರಿವರಿನಲ್ಲಿತ್ತೆಂದು ಅದೇ ಕಮಿಷನ್ ಹೇಳಿದೆ. ಕಲಿತವನ ಮಾತಿಗೆ ಮಾಲೀಕನು ಕಿವಿಗೊಡದಿದ್ದರೆ ಕಲಿಕೆ ಏನು ತಾನೆ ಮಾಡೀತು? ಆದ್ದರಿಂದ ನಿರಂತರ ಕಲಿಕೆಯೆಂಬ ವಿಧಿ ಕೆಳಗಿಳಿಯುವವರಿಗಷ್ಟೇ ಅಲ್ಲ, ಮೇಲೆ ಕುಳಿತು ಆಜ್ಞೆ ಕೊಡುವವರಿಗೂ ಅನ್ವಯಿಸಬೇಕು.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ನಮ್ಮವರು ಚಿನ್ನಕ್ಕಾಗಿ ನೆಲದಾಳಕ್ಕೆ ಇಳಿಯುತ್ತಾರೆ. ಹಾಗೆ ಇಳಿಯುವವನು ಮೇಲಧಿಕಾರಿಯ ಪದವಿಯನ್ನು ನಂಬಿ ಇಳಿಯುವುದಿಲ್ಲ. ಇಂದಿನ ಗಣಿಯನ್ನು ಆತ ಇಂದು ಬಲ್ಲನೆಂದು ನಂಬಿ ಇಳಿಯುತ್ತಾನೆ. ಪಾಳಿ ಮುಗಿದು ಅವನು ಮನೆ ಸೇರುವುದು ಆ ನಂಬಿಕೆ ಎಷ್ಟು ನಿಜವೆಂಬುದರ ಮೇಲೆ ನಿಂತಿದೆ.