ತಪ್ಪು ಎಲ್ಲಿದೆ?
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ಮಳೆಗಾಲದ ಒಂದು ಮುಂಜಾನೆ ನಮ್ಮ ಶಾಲೆಯ ವ್ಯಾನು ಹೊರಡಲಿಲ್ಲ. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಮಾತ್ರ. ಪರೀಕ್ಷೆಗೆ ಬರಬೇಕಾದ ಮಕ್ಕಳು ಮಳೆಯಲ್ಲಿ ದಾರಿ ಕಾಯುತ್ತಿದ್ದರು. “ರಾತ್ರಿ ದೀಪವಾರಿಸದೆ ಬ್ಯಾಟರಿಯನ್ನು ಕೆಡಿಸಿದಿರಿ” ಎಂದು ನಾನು ಚಾಲಕರನ್ನು ಎಲ್ಲರೆದುರಿಗೆ ಗದರಿಸಿದೆನು. “ದೀಪ ಮಂಕಾಗಿಲ್ಲ, ಸ್ವಾಮಿ” ಎಂದು ಅವರು ಹೇಳಿದರೂ ಕಿವಿಗೊಡಲಿಲ್ಲ. ತಾವಿತ್ತ ದೇಣಿಗೆಯಿಂದ ಹೊಸ ಬ್ಯಾಟರಿ ತರಿಸಿದ್ದಾಯಿತು. ವ್ಯಾನು ಮತ್ತೆ ‘ಟಕ್’ ಎಂದಿತು.

1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಅಮೆರಿಕದ ಕ್ಯಾಡಿಲಾಕ್ ಕಾರುಗಳಿಗೆ ಬಂದಿತು. ಕೈಯಿಂದ ಎಂಜಿನ್ ತಿರುಗಿಸುವ ಶ್ರಮ ಕ್ರಮೇಣ ತಪ್ಪಿತು. ವಿದ್ಯುತ್ತು ಬ್ಯಾಟರಿಯಿಂದ ಸ್ಟಾರ್ಟರ್ ಮೋಟಾರಿಗೆ ಹರಿದು, ಎಂಜಿನ್ನಿನ ಲೋಹದ ಮೂಲಕ ಬ್ಯಾಟರಿಗೆ ಮರಳಬೇಕು. ಈ ದಾರಿ ಎಲ್ಲಿ ಕಡಿದರೂ ಮೋಟಾರು ತಿರುಗದು.

ಆದುದರಿಂದ ಕ್ರಮವಾಗಿ ನೋಡಬೇಕು. ಮುಂದೀಪ ಹೊತ್ತಿಸಿ ಕೀಲಿ ತಿರುಗಿಸಿರಿ. ದೀಪ ತೀರ ಮಂಕಾದರೆ ಬ್ಯಾಟರಿಯ ಬಲ ಕುಂದಿರಬಹುದು, ಇಲ್ಲವೆ ಅದರ ತುದಿಗಳ ಹಿಡಿತ ಸಡಿಲವಾಗಿರಬಹುದು. ದೀಪ ಪ್ರಕಾಶವಾಗಿಯೇ ಉಳಿದರೆ ಮೋಟಾರಿಗೆ ವಿದ್ಯುತ್ತು ಸರಿಯಾಗಿ ಹರಿಯುತ್ತಿಲ್ಲವೆಂದು ಊಹಿಸಬೇಕು. ಬಳಿಕ ವೋಲ್ಟ್‌ಮೀಟರ್ ಹಿಡಿಯಬೇಕು. ಪೂರ್ಣ ತುಂಬಿದ 12 ವೋಲ್ಟಿನ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುವುದು. ಎಂಜಿನ್ ತಿರುಗಿಸುವಾಗ ಅದು ಸುಮಾರು 9.6ಕ್ಕಿಂತ ಇಳಿಯಬಾರದು. ಕೀಲಿ ತಿರುಗಿಸಿದಾಗ ಬ್ಯಾಟರಿಯ ಋಣ ತುದಿಗೂ ಎಂಜಿನ್ನಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡುಬಂದರೆ, ಮರಳುವ ದಾರಿಯಲ್ಲಿ ತಡೆಯಿದೆಯೆಂದೇ ತಿಳಿಯಬೇಕು.

ನಮ್ಮ ಹಳೆಯ ಬ್ಯಾಟರಿಯನ್ನು ಅಳೆದಾಗ ಅದು 12.6 ವೋಲ್ಟನ್ನೇ ತೋರಿಸಿತು! ಎಂಜಿನ್ನಿಗೆ ಬಿಗಿದ ತಂತಿಯ ತುದಿಗೆ ಕಾಸರಗೋಡಿನ ಕಡಲ ಉಪ್ಪುಗಾಳಿಯಿಂದ ತುಕ್ಕು ಹಿಡಿದಿತ್ತು. ಚಾಲಕರೇ ಅದನ್ನು ಕೆರೆದು ಬಿಗಿದರು. ಹಳೆಯ ಬ್ಯಾಟರಿಯಿಂದಲೇ ಎಂಜಿನ್ ಚಾಲೂ ಆಯಿತು.

ಮಕ್ಕಳೆ, ಬ್ಯಾಟರಿಯಲ್ಲಿ ಗಂಧಕಾಮ್ಲವಿದೆ. ಅದರಿಂದ ಹೊರಡುವ ಜಲಜನಕ ಕಿಡಿ ತಾಗಿದರೆ ಸಿಡಿಯುವುದು. ಹಿರಿಯರಿಲ್ಲದೆ ಅದನ್ನು ಮುಟ್ಟಬೇಡಿರಿ. ಬಿಚ್ಚುವವರು ಋಣ ತುದಿಯನ್ನು ಮೊದಲು ಬಿಚ್ಚಬೇಕು.

ಅಂದು ಚಾಲಕರನ್ನು ಎಲ್ಲರೆದುರಿಗೆ ನಿಂದಿಸಿದವನು ನಾನು. ಇಂದು ಎಲ್ಲರೆದುರಿಗೆ ಅವರ ಕ್ಷಮೆ ಬೇಡುತ್ತೇನೆ. ಪೋಷಕರೆ, ಮಗು ಪಾಠ ಒಪ್ಪಿಸದಿದ್ದರೆ ‘ದಡ್ಡ’ನೆನ್ನುವ ಮೊದಲು ಅವನಿಗೆ ಕರಿಹಲಗೆ ಕಾಣಿಸುತ್ತಿದೆಯೇ, ಹೊಟ್ಟೆ ತುಂಬಿದೆಯೇ ಎಂದು ವಿಚಾರಿಸೋಣ. ತೀರ್ಪಿಗಿಂತ ಮೊದಲು ಪರೀಕ್ಷೆ ನಡೆಯಲಿ.