ನನ್ನ ಶೀಟಿನಲ್ಲಿ ಇಲ್ಲದ ಕಾಲಂ

ಅಮ್ಮನ ಅರವತ್ತರ ಹುಟ್ಟುಹಬ್ಬಕ್ಕೆ ಸೆಶೆಲ್ಸ್‌ನಲ್ಲಿ ಯಾಟ್ ಬಾಡಿಗೆಗೆ ಪಡೆದು ಮಾಹೆ, ಪ್ರಾಸ್ಲಿನ್, ಲಾ ಡೀಗ್ ದ್ವೀಪಗಳನ್ನು ಸುತ್ತೋಣ ಎಂದು ಎಕ್ಸೆಲ್ ಶೀಟ್ ಮಾಡಿದೆ. ಆಫೀಸಿನ ರಜೆ ನೋಡಿ ಜುಲೈ ಎಂದು ಬರೆದೆ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಬಸ್ಸಲ್ಲೇ ವಾಂತಿ ಬರುತ್ತೆ ಕಣೇ ನನಗೆ. ಆಗ ಅಲ್ಲಿ ಸಮುದ್ರ ಹೇಗಿರುತ್ತೆ?”

ಆ ಕಾಲಂ ನನ್ನ ಶೀಟಿನಲ್ಲಿ ಇರಲೇ ಇಲ್ಲ!

ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಆಗ್ನೇಯ ಮಾರುತ ಜೋರು. ಗಾಳಿ ದಿಕ್ಕು ಬದಲಿಸುವ ಏಪ್ರಿಲ್, ನವೆಂಬರ್‌ನಲ್ಲಿ ಕಡಲು ಹೆಚ್ಚಾಗಿ ಶಾಂತ. ತಿಂಗಳು ಬದಲಿಸಿದೆ. ಕಡಿಮೆ ಓಲಾಡುವ, ಎರಡು ಒಡಲಿನ ಕ್ಯಾಟಮರಾನ್ ಆರಿಸಿದೆ; ನಮ್ಮ ಚೆನ್ನೈ ಕಡಲಿನ ಕಟ್ಟುಮರವೇ ಆ ಹೆಸರಿನ ಮೂಲ. ದೋಣಿ ನಡೆಸುವ ಸರ್ಟಿಫಿಕೇಟ್ ನಮಗಿಲ್ಲ, ಹಾಗಾಗಿ ಸ್ಕಿಪ್ಪರ್ ಸಮೇತ.

ಗೆಳತಿಯರೇ, ಬಜೆಟ್‌ಗಿಂತ ಮೊದಲು ಜೊತೆಗೆ ಬರುವವರ ಭಯ ಕೇಳಿ. ಅಮ್ಮ ಈಗಾಗಲೇ ನವೆಂಬರ್‌ಗೆ ಕೋಡುಬಳೆ ಲೆಕ್ಕ ಶುರುಮಾಡಿದ್ದಾರೆ.