ಹಿಮದ ಗಾಲಿ, ಮಂಜಿನ ದಾರಿ

ಕನ್ನಡದಲ್ಲಿ ‘ಮಂಜು’ ಎಂಬುದು ಬಲು ಉದಾರವಾದ ಮಾತು. ಬೆಳಗಿನ ಜಾವ ನಂದಿಬೆಟ್ಟವನ್ನು ಮುಸುಕುವುದೂ ಮಂಜು. ಕಾಶ್ಮೀರದ ದಾರಿಯಲ್ಲಿ ಮೊಳದುದ್ದ ಬೀಳುವುದೂ ಮಂಜು. ಕವಿಗೆ ಇದರಿಂದ ಅನುಕೂಲವೇ ಹೊರತು ತೊಂದರೆಯಿಲ್ಲ. ಆದರೆ ಕಾರಿಗೆ ಟಯರು ಕೊಳ್ಳಲು ಹೊರಟವನು ಇವೆರಡನ್ನೂ ಬೇರೆಬೇರೆಯಾಗಿ ತಿಳಿಯಬೇಕು. ಆದುದರಿಂದ ನೆಲವನ್ನು ಮುಚ್ಚುವುದನ್ನು ಹಿಮವೆಂದೂ, ಕಣ್ಣನ್ನು ಮುಚ್ಚುವುದನ್ನು ಕಾವಳವೆಂದೂ ಈ ಮಾತಿನ ಮಟ್ಟಿಗೆ ಕರೆಯೋಣ.

ಬಯಲುಸೀಮೆಯವರಾದ ನಮಗೆ ಹಿಮದ ಟಯರಿನ ಚಿಂತೆ ಏಕೆ ಎಂದು ನೀವು ಕೇಳಬಹುದು. ಚಿಕ್ಕಬಳ್ಳಾಪುರವನ್ನು ಹಾದುಹೋಗುವ ೪೪ನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ಕೊನೆ ಕನ್ಯಾಕುಮಾರಿ, ಇನ್ನೊಂದು ಕೊನೆ ಶ್ರೀನಗರ. ಚಿಂತಾಮಣಿಯವರಾಗಲಿ ಗೌರಿಬಿದನೂರಿನವರಾಗಲಿ ಈ ದಾರಿಗೆ ಬಂದು ಉತ್ತರಕ್ಕೆ ತಿರುಗಿದರೆ ಕಾಶ್ಮೀರದವರೆಗೂ ಅದೇ ಹೆದ್ದಾರಿ. ಡಿಸೆಂಬರಿನ ರಜೆಯಲ್ಲಿ ಸ್ವಂತ ಕಾರಿನಲ್ಲೇ ಹೋಗಿ ಹಿಮವನ್ನು ನೋಡಿಬರುವ ಆಸೆ ಯಾರಿಗೂ ಬರಬಹುದು. ಇನ್ನು ಶಿಡ್ಲಘಟ್ಟದ ಮನೆಯ ಮಗಳು ಜರ್ಮನಿಯಲ್ಲೋ ಕೆನಡದಲ್ಲೋ ಸಂಸಾರ ಹೂಡಿದ್ದರೆ, ಈ ಪ್ರಶ್ನೆ ಮನೆಯ ಪ್ರಶ್ನೆಯೇ ಆಯಿತು.

ಹಿಮದ ಟಯರಿನ ಗುಣವು ಅದರ ರಬ್ಬರಿನಲ್ಲಿದೆ. ಸಾಮಾನ್ಯ ಟಯರಿನ ರಬ್ಬರು ಶಾಖಮಾನ ಸುಮಾರು ೭ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಗಡುಸಾಗಿ ನೆಲವನ್ನು ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಿಮದ ಟಯರಿನದು ಚಳಿಯಲ್ಲೂ ಮೆತ್ತಗಿರುವಂತೆ ಹದಮಾಡಿದ ರಬ್ಬರು. ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಫಿನ್‌ಲೆಂಡಿನ ಕಾರ್ಖಾನೆಯೊಂದು ೧೯೩೪ರಲ್ಲೇ ಲಾರಿಗಳಿಗಾಗಿ ಇಂಥ ಟಯರನ್ನು ತಯಾರಿಸಿತು.

ಪರದೇಶದಲ್ಲಿರುವ ಮಕ್ಕಳಿಗೆ ಇದರಲ್ಲಿ ಸಂದೇಹವೇ ಬೇಡ. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಹಿಮದ ಟಯರು ಕಡ್ಡಾಯ. ಜರ್ಮನಿಯಲ್ಲಿ ರಸ್ತೆಯ ಮೇಲೆ ಹಿಮವಿದ್ದಾಗ ಕಡ್ಡಾಯ. ಮೂರು ಶಿಖರಗಳ ನಡುವೆ ಹಿಮದ ಹರಳಿನ ಗುರುತಿರುವ ಟಯರೇ ೨೦೨೪ರ ಅಕ್ಟೋಬರಿನಿಂದ ಅಲ್ಲಿ ಮಾನ್ಯ. ಕೊಳ್ಳುವುದಾದರೆ ನಾಲ್ಕು ಗಾಲಿಗೂ ಕೊಳ್ಳಬೇಕು. ಹಣ ಉಳಿಸಲೆಂದು ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ, ತಿರುವಿನಲ್ಲಿ ಮುಂಭಾಗ ನೆಲವನ್ನು ಹಿಡಿಯುತ್ತದೆ, ಹಿಂಭಾಗ ಜಾರಿ ಗಾಡಿ ಗಿರಕಿ ಹೊಡೆಯುತ್ತದೆ.

ಇಲ್ಲಿಂದ ಕಾಶ್ಮೀರಕ್ಕೆ ಹೊರಟವರ ಮಾತು ಬೇರೆ. ಅವರ ದಾರಿಯ ಬಹುಪಾಲು ಬೆಚ್ಚನೆಯ ಬಯಲು. ಆ ಡಾಂಬರಿನ ಮೇಲೆ ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ. ಬ್ರೇಕು ಒತ್ತಿದಾಗ ಗಾಡಿ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಕೊನೆಯ ಕೆಲವು ಹರದಾರಿಗಾಗಿ ಇಡೀ ದಾರಿಯಲ್ಲಿ ಅಪಾಯವನ್ನು ಕೊಳ್ಳುವುದು ಜಾಣತನವಲ್ಲ. ಒಳ್ಳೆಯ ಸಾಮಾನ್ಯ ಟಯರಿನಲ್ಲಿ ಹೋಗಿ, ಹಿಮ ಕಂಡಲ್ಲಿ ಚಕ್ರಕ್ಕೆ ಸರಪಳಿ ಬಿಗಿಯಬಹುದು. ಆದರೆ ಬಿಗಿಯುವ ಕ್ರಮವನ್ನು ಮನೆಯ ಅಂಗಳದಲ್ಲೇ ಕಲಿತಿರಬೇಕು. ಅದಕ್ಕಿಂತ ಉತ್ತಮವೆಂದರೆ, ತಂಗ್‌ಮಾರ್ಗಿನಿಂದ ಗುಲ್ಮಾರ್ಗಿಗೆ ಏರುವಂಥ ಕಡೆಗಳಲ್ಲಿ ಕಾರನ್ನು ಕೆಳಗೇ ನಿಲ್ಲಿಸಿ, ಸರಪಳಿ ಕಟ್ಟಿದ ಅಲ್ಲಿಯ ಬಾಡಿಗೆ ಗಾಡಿಯನ್ನೂ ದಾರಿ ಬಲ್ಲ ಚಾಲಕನನ್ನೂ ನಂಬುವುದು.

ಇನ್ನು ನಮ್ಮ ಊರುಗಳ ನಡುವಣ ಚಳಿಗಾಲದ ಓಡಾಟ. ನೆರೆಯ ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಶಾಖಮಾನ ೧೮೮೪ರ ಜನವರಿಯ ೭.೮ ಡಿಗ್ರಿ. ಅಂದಮೇಲೆ ಇಲ್ಲಿ ಹಿಮದ ಟಯರಿಗೆ ಕೆಲಸವಿಲ್ಲ. ಹಾಗೆಂದು ಇಲ್ಲಿ ಅಪಾಯವಿಲ್ಲವೆಂದು ತಿಳಿಯಬೇಡಿ. ೨೦೨೩ರ ಅಕ್ಟೋಬರ್ ೨೬ರ ಬೆಳಗ್ಗೆ, ದಟ್ಟವಾದ ಕಾವಳದಲ್ಲಿ, ಬಾಗೇಪಲ್ಲಿಯ ಕಡೆಯಿಂದ ಬರುತ್ತಿದ್ದ ಗಾಡಿಯೊಂದು ಚಿಕ್ಕಬಳ್ಳಾಪುರದ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಬಡಿದು ೧೩ ಜನ ತೀರಿಕೊಂಡರು. ಟಯರು ನೆಲವನ್ನು ಹಿಡಿಯಬಲ್ಲದು. ಮುಂದೆ ನಿಂತಿರುವುದನ್ನು ತೋರಿಸಲಾರದು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ಗಾಡಿಯನ್ನು ನಿಲ್ಲಿಸಲಾಗದಿದ್ದರೆ, ವೇಗ ಎಷ್ಟೇ ಇರಲಿ, ಅದು ಅತಿವೇಗವೇ.

ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ, ಟೊಮೇಟೊ ತುಂಬಿಕೊಂಡು ಚಿಂತಾಮಣಿಯ ಮಂಡಿಗೆ ನಸುಕಿನಲ್ಲೇ ಹೊರಡುವವರಿಗೆ ಬಿಸಿಲೇರುವವರೆಗೆ ಕಾಯಿರಿ ಎನ್ನುವುದು ಸುಲಭವಲ್ಲ. ಅವರು ದೀಪವನ್ನು ತಗ್ಗಿಸಿ, ನಿಧಾನವಾಗಿ, ಮುಂದಿನ ಗಾಡಿಯನ್ನು ಹಿಂದೆ ಹಾಕದೆ ಹೋಗಲಿ. ಕೆಟ್ಟು ನಿಂತರೆ ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಲಿ. ಟ್ರ್ಯಾಕ್ಟರಿನ ಹಿಂದೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸುವುದಕ್ಕೆ ಆಗುವ ಖರ್ಚು ಅತ್ಯಲ್ಪ. ಸುಮ್ಮನೆ ಸೂರ್ಯೋದಯ ನೋಡಲು ನಂದಿಗೆ ಹೊರಟವರಂತೂ ಒಂದು ಗಂಟೆ ತಡಮಾಡಿದರೆ ನಷ್ಟವೇನೂ ಇಲ್ಲ.

ಟಯರಿಗೆಂದು ತೆಗೆದಿಟ್ಟ ಹಣವಿದ್ದರೆ ಮೊದಲು ಹಳೆಯ ಟಯರನ್ನು ನೋಡಿರಿ. ಕಾರಿನ ಟಯರಿನ ಗೀರುಗಳು ೧.೬ ಮಿಲಿಮೀಟರಿಗಿಂತ ಕಡಿಮೆ ಆಳವಾಗಿದ್ದರೆ ಅದನ್ನು ಓಡಿಸುವುದು ನಿಯಮಕ್ಕೂ ವಿರುದ್ಧ, ಪ್ರಾಣಕ್ಕೂ ವಿರುದ್ಧ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: ೩೫೨೨ ಎಂದಿದ್ದರೆ ೨೦೨೨ರ ೩೫ನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ದರೆ ತಿಳಿದವರಿಗೆ ವರ್ಷಕ್ಕೊಮ್ಮೆ ತೋರಿಸಿರಿ. ಹತ್ತು ದಾಟಿದ್ದರೆ, ನೋಡಲು ಚೆನ್ನಾಗಿದ್ದರೂ, ಬಿಟ್ಟುಬಿಡಿರಿ. ಚಳಿಗೆ ಗಾಳಿಯ ಒತ್ತಡ ಇಳಿಯುವುದರಿಂದ ಗಾಡಿ ಓಡಿ ಬಿಸಿಯಾಗುವ ಮೊದಲೇ ಗಾಳಿ ನೋಡಿಸಿರಿ, ಸ್ಟೆಪ್ನಿಯನ್ನು ಮರೆಯಬೇಡಿರಿ.

ಹಿಮವಿದ್ದಲ್ಲಿ ಹಿಮಕ್ಕೆ ತಕ್ಕ ಗಾಲಿ, ಕಾವಳವಿದ್ದಲ್ಲಿ ಕಾವಳಕ್ಕೆ ತಕ್ಕ ತಾಳ್ಮೆ. ಮೊದಲನೆಯದು ಅಂಗಡಿಯಲ್ಲಿ ಸಿಗುತ್ತದೆ. ಎರಡನೆಯದನ್ನು ಹೊರಡುವ ಮುನ್ನ ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು.